ಬಿತ್ತನೆ ಬೀಜ ಮತ್ತು ರೈತನ ಹಕ್ಕು



‘ಮಾನವ ಹಕ್ಕು’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಬಹುಪಾಲು ಜನರ ಕಣ್ಣ ಮುಂದೆ ಬರುವುದು ಪೊಲೀಸ್ ಠಾಣೆ, ಸೆರೆಮನೆ ಮತ್ತು ನ್ಯಾಯಾಲಯ. ಪ್ರತಿ ವರ್ಷ ಡಿಸೆಂಬರ್ 10ರಂದು ಪಟ್ಟಣಗಳಲ್ಲಿ ಭಾಷಣಗಳಾಗುತ್ತವೆ, ಪತ್ರಿಕೆಗಳಲ್ಲಿ ಲೇಖನಗಳು ಬರುತ್ತವೆ. ಅದೇ ಸಮಯದಲ್ಲಿ ನೀವು ಕಣದಲ್ಲಿ ರಾಗಿ ಒಕ್ಕಣೆ ಮಾಡುತ್ತಿರುತ್ತೀರಿ. ಕಣಕ್ಕೂ ಆ ಭಾಷಣಕ್ಕೂ ಏನು ಸಂಬಂಧ ಎಂದು ನೀವು ಕೇಳಿದರೆ ಅದು ತಪ್ಪಲ್ಲ. ಆದರೆ ಒಕ್ಕಣೆಯಾದ ಮೇಲೆ ಒಳ್ಳೆಯ ತೆನೆಗಳ ಕಾಳನ್ನು ಬೇರೆಯಾಗಿಟ್ಟು ಮುಂದಿನ ಮುಂಗಾರಿಗೆ ಬಿತ್ತಲು ಕೂಡಿಡುತ್ತೀರಲ್ಲ, ಆ ಕೆಲಸಕ್ಕೂ ಮಾನವ ಹಕ್ಕಿಗೂ ನೇರವಾದ ಸಂಬಂಧವಿದೆ. ಕಳೆದ ನಲವತ್ತು ವರ್ಷಗಳಲ್ಲಿ ಪ್ರಪಂಚದ ದೊಡ್ಡ ದೊಡ್ಡ ಸಭೆಗಳಲ್ಲಿ ಶ್ರೀಮಂತ ರಾಷ್ಟ್ರಗಳೂ ಅಭಿವೃದ್ಧಿಶೀಲ ರಾಷ್ಟ್ರಗಳೂ ವಾದಕ್ಕೆ ನಿಂತ ವಿಷಯಗಳಲ್ಲಿ ಆ ಬೊಗಸೆ ಬೀಜವೂ ಒಂದು.

ಬೀಜವನ್ನು ಕೂಡಿಡುವುದು, ಬಿತ್ತುವುದು, ನೆರೆಯವರೊಡನೆ ಬದಲಾಯಿಸಿಕೊಳ್ಳುವುದು, ಮಾರುವುದು ರೈತನ ಮೂಲಭೂತ ಹಕ್ಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಹಕ್ಕನ್ನು ಕಿತ್ತುಕೊಂಡು ತರುವ ಅಭಿವೃದ್ಧಿ ಬಡ ರಾಷ್ಟ್ರಗಳ ರೈತನ ಪಾಲಿಗೆ ಅಭಿವೃದ್ಧಿ ಎನಿಸದು. ಹಾಗೆಂದು ಹಕ್ಕು ಕಾನೂನಿನ ಪುಸ್ತಕದಲ್ಲಿದ್ದ ಮಾತ್ರಕ್ಕೆ ಉಳಿಯುವುದೂ ಇಲ್ಲ. ಅದನ್ನು ತಿಳಿದು ಬಳಸುವವರು ಬೇಕು. ಈ ಮೂರು ಮಾತುಗಳನ್ನು ನಿಮ್ಮ ಮುಂದೆ ವಿವರವಾಗಿ ಇಡಬಯಸುತ್ತೇನೆ.

ಹಕ್ಕು ಮೊದಲೋ, ಅಭಿವೃದ್ಧಿ ಮೊದಲೋ?

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದನ್ನು ರಚಿಸಿದ ಆಯೋಗದಲ್ಲಿ ನಮ್ಮ ದೇಶದ ಹಂಸಾ ಮೆಹ್ತಾ ಅವರಿದ್ದರು. ಮೊದಲನೆಯ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬ ಅರ್ಥ ಬರುವ ಶಬ್ದಗಳಿದ್ದುದನ್ನು ‘ಎಲ್ಲ ಮಾನವರು’ ಎಂದು ಬದಲಾಯಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. ಆಹಾರ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಸೇರಿದ ಯೋಗ್ಯ ಜೀವನಮಟ್ಟ ಪ್ರತಿಯೊಬ್ಬನ ಹಕ್ಕು ಎಂದು ಆ ಘೋಷಣೆಯ 25ನೆಯ ವಿಧಿ ಹೇಳುತ್ತದೆ.

ಆದರೆ ಘೋಷಣೆಯನ್ನು ಒಪ್ಪಂದದ ರೂಪಕ್ಕೆ ತರುವಾಗ ರಾಷ್ಟ್ರಗಳು ಎರಡು ಬಣಗಳಾದವು. ಮಾತಿನ ಸ್ವಾತಂತ್ರ್ಯ, ಮತದಾನ, ನ್ಯಾಯಯುತ ವಿಚಾರಣೆ ಇವೇ ನಿಜವಾದ ಹಕ್ಕುಗಳು, ಅನ್ನ-ಬಟ್ಟೆಗಳು ಸರ್ಕಾರದ ಶಕ್ತಿಗೆ ಬಿಟ್ಟ ವಿಷಯ ಎಂದು ಒಂದು ಕಡೆಯವರು ವಾದಿಸಿದರು. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಮಾತಿನ ಸ್ವಾತಂತ್ರ್ಯದಿಂದ ಏನು ಪ್ರಯೋಜನ ಎಂದು ಇನ್ನೊಂದು ಕಡೆಯವರು ಕೇಳಿದರು. ಕೊನೆಗೆ 1966ರಲ್ಲಿ ಒಂದರ ಬದಲು ಎರಡು ಒಪ್ಪಂದಗಳಾದವು. ಭಾರತವು ಎರಡಕ್ಕೂ 1979ರಲ್ಲಿ ಸೇರಿತು.

ಆರ್ಥಿಕ ಮತ್ತು ಸಾಮಾಜಿಕ ಹಕ್ಕುಗಳ ಒಪ್ಪಂದದ 11ನೆಯ ವಿಧಿಯನ್ನು ಕೃಷಿಕರೆಲ್ಲರೂ ತಿಳಿದಿರಬೇಕು. ಹಸಿವಿನಿಂದ ಮುಕ್ತಿ ಮನುಷ್ಯನ ಮೂಲಭೂತ ಹಕ್ಕು ಎಂದು ಸಾರುವ ಈ ವಿಧಿಯು ಅದನ್ನು ಸಾಧಿಸುವ ದಾರಿಯನ್ನೂ ಸೂಚಿಸುತ್ತದೆ. ಆಹಾರದ ಉತ್ಪಾದನೆ, ಸಂರಕ್ಷಣೆ ಮತ್ತು ವಿತರಣೆಯ ಕ್ರಮಗಳನ್ನು ವಿಜ್ಞಾನದ ನೆರವಿನಿಂದ ಸುಧಾರಿಸಬೇಕು, ಪೌಷ್ಟಿಕತೆಯ ತಿಳಿವಳಿಕೆಯನ್ನು ಹರಡಬೇಕು, ಭೂಹಿಡುವಳಿ ಪದ್ಧತಿಯನ್ನು ಸುಧಾರಿಸಬೇಕು ಎನ್ನುತ್ತದೆ. ಅಂದರೆ ಕೃಷಿ ಸಂಶೋಧನೆ ಮತ್ತು ಕೃಷಿ ವಿಸ್ತರಣೆ ಸರ್ಕಾರವು ಮನಸ್ಸು ಬಂದಾಗ ಮಾಡುವ ಉಪಕಾರಗಳಾಗಿ ಉಳಿಯಲಿಲ್ಲ, ಒಪ್ಪಂದದಿಂದ ಬಂದ ಕರ್ತವ್ಯಗಳಾದವು. 1974ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಹೊಲದ ಒಡೆಯರಾದುದನ್ನೂ ಈ ಬೆಳಕಿನಲ್ಲಿ ನೋಡಬೇಕು.

ಅಭಿವೃದ್ಧಿಯೇ ಒಂದು ಹಕ್ಕು ಎಂಬ ವಿಚಾರವನ್ನು 1972ರಲ್ಲಿ ಮುಂದಿಟ್ಟವರು ಆಫ್ರಿಕದ ಸೆನೆಗಲ್ ದೇಶದ ನ್ಯಾಯವೇತ್ತ ಕೇಬಾ ಎಂಬಾಯ್. 1981ರ ಆಫ್ರಿಕ ಸನ್ನದಿನಲ್ಲಿ ಅದು ಸೇರಿತು. 1986ರ ಡಿಸೆಂಬರ್ 4ರಂದು ವಿಶ್ವಸಂಸ್ಥೆಯು ‘ಅಭಿವೃದ್ಧಿಯ ಹಕ್ಕಿನ ಘೋಷಣೆ’ಯನ್ನು ಅಂಗೀಕರಿಸಿತು. ಪರವಾಗಿ 146 ರಾಷ್ಟ್ರಗಳು ಮತ ಹಾಕಿದವು, 8 ತಟಸ್ಥವಾಗಿ ಉಳಿದವು. ವಿರೋಧಿಸಿದ್ದು ಒಂದೇ ಒಂದು ರಾಷ್ಟ್ರ, ಅಮೆರಿಕ. ಅಭಿವೃದ್ಧಿಯ ಕೇಂದ್ರ ಮನುಷ್ಯ, ಅವನು ಅದರಲ್ಲಿ ಪಾಲುಗೊಳ್ಳಬೇಕು, ಅದರ ಫಲದಲ್ಲಿ ಅವನಿಗೆ ನ್ಯಾಯವಾದ ಪಾಲು ಸಿಗಬೇಕು ಎಂಬುದು ಈ ಘೋಷಣೆಯ ತಿರುಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಮೊದಲು ಅಭಿವೃದ್ಧಿ, ಆಮೇಲೆ ಹಕ್ಕು’ ಎಂದು ಹೇಳಿ ತಮ್ಮದೇ ಪ್ರಜೆಗಳ ಬಾಯಿ ಮುಚ್ಚಿಸಿದ ಸರ್ಕಾರಗಳು ಅಭಿವೃದ್ಧಿಶೀಲ ರಾಷ್ಟ್ರಗಳಲ್ಲೂ ಉಂಟು. 1993ರಲ್ಲಿ ವಿಯೆನ್ನಾದಲ್ಲಿ ಸೇರಿದ ವಿಶ್ವ ಸಮ್ಮೇಳನವು ಈ ನೆಪವನ್ನು ತಳ್ಳಿಹಾಕಿತು. ಅಭಿವೃದ್ಧಿ ಆಗಿಲ್ಲವೆಂಬ ಕಾರಣ ಕೊಟ್ಟು ಹಕ್ಕನ್ನು ಮೊಟಕುಗೊಳಿಸುವಂತಿಲ್ಲ ಎಂದು ಅದು ಸ್ಪಷ್ಟಪಡಿಸಿತು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಪ್ರಾಣ ಕಳೆದುಕೊಂಡರು. ಆಗ ಪರರ ಆಳ್ವಿಕೆ ಇತ್ತು, ಬಹುಪಾಲು ಪ್ರಜೆಗಳಿಗೆ ಓಟೂ ಇರಲಿಲ್ಲ, ದನಿಯೂ ಇರಲಿಲ್ಲ. ಸ್ವಾತಂತ್ರ್ಯಾನಂತರ ಬರಗಾಲಗಳು ಬಂದರೂ ಅಂತಹ ಕ್ಷಾಮ ಮರುಕಳಿಸಲಿಲ್ಲ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನೇ ಎತ್ತಿ ತೋರಿಸಿದ್ದಾರೆ. ಅನ್ನದ ಹಕ್ಕು ಮತ್ತು ಮಾತಿನ ಹಕ್ಕು ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಿದ್ದಂತೆ. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ. ಬೀಜದ ವಿಷಯದಲ್ಲೂ ಇದೇ ನಡೆದಿದೆ ಎಂಬುದನ್ನು ಮುಂದೆ ನೋಡೋಣ.

ರಾಗಿ ಕಲಿಸುವ ಪಾಠ

ನಮ್ಮ ಹಳೆಯ ಮೈಸೂರು ಸೀಮೆಯ ಜೀವನಾಡಿಯಾದ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಇಥಿಯೋಪಿಯದಲ್ಲಿ ಅದನ್ನು ದಾಗುಸ ಎಂದೂ ಕೀನ್ಯಾದಲ್ಲಿ ವಿಂಬಿ ಎಂದೂ ಕರೆಯುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದ ಈ ಬೆಳೆಯನ್ನು ನಮ್ಮ ರೈತರು ತಮ್ಮ ಕೆಂಪು ಮಣ್ಣಿಗೂ ತಮ್ಮ ಮಳೆಗೂ ಒಗ್ಗಿಸಿಕೊಂಡರು. ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಬೀಳದೆ ಉಳಿಯುವ ಈ ಧಾನ್ಯವು ಎಷ್ಟೋ ಬರಗಾಲಗಳಲ್ಲಿ ಜನರನ್ನು ಕಾಪಾಡಿದೆ.

ರಾಗಿಯ ಇಳುವರಿ ಹೆಚ್ಚಿಸುವ ಕೆಲಸದಲ್ಲಿ ಮಂಡ್ಯದ ವಿ.ಸಿ. ಫಾರಂನ ಹೆಸರು ಚಿರಸ್ಥಾಯಿ. ‘ರಾಗಿ ಲಕ್ಷ್ಮಣಯ್ಯ’ ಎಂದೇ ನಾಡಿಗೆ ಪರಿಚಿತರಾದ ವಿಜ್ಞಾನಿ ಲಕ್ಷ್ಮಣಯ್ಯನವರು ಅಲ್ಲಿ ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿದರು. ರಾಗಿಯ ಹೂವು ಅತಿ ಸಣ್ಣದು, ಅದು ಸ್ವಕೀಯ ಪರಾಗಸ್ಪರ್ಶದ ಬೆಳೆ; ಆದ್ದರಿಂದ ಸಂಕರ ಮಾಡುವುದು ಬಹಳ ತಾಳ್ಮೆಯ ಕೆಲಸ. ಆಫ್ರಿಕದ ತಳಿಗಳ ದಪ್ಪ ಕಾಂಡ ಮತ್ತು ತೂಕದ ತೆನೆಗಳನ್ನು ನಮ್ಮ ತಳಿಗಳ ಒಗ್ಗುವ ಗುಣದೊಡನೆ ಕೂಡಿಸಿದಾಗ ಹುಟ್ಟಿದವೇ ‘ಇಂಡಾಫ್’ ತಳಿಗಳು. ಇಂಡಿಯಾದ ‘ಇಂಡ್’ ಮತ್ತು ಆಫ್ರಿಕದ ‘ಆಫ್’ ಸೇರಿ ಆ ಹೆಸರಾಯಿತು. 1970ರ ದಶಕದಿಂದ ಅವು ಮನೆಮಾತಾದವು. ಮುಂದೆ 1990ರ ದಶಕದಲ್ಲಿ ಬೆಂಕಿ ರೋಗವನ್ನು ತಡೆದುಕೊಳ್ಳುವ ಗುಣದಿಂದ ಹೆಸರಾದ ಜಿ.ಪಿ.ಯು. 28 ತಳಿಯ ವಂಶದಲ್ಲೂ ಇಂಡಾಫ್ ತಳಿಗಳಿವೆ.

ಈಗ ಯೋಚಿಸಿ. ಆಫ್ರಿಕದ ಯಾವುದೋ ಗುಡ್ಡದ ಮೇಲೆ ತಲೆತಲಾಂತರದಿಂದ ರಾಗಿಯನ್ನು ಆಯ್ದು ಉಳಿಸಿಕೊಂಡು ಬಂದ ರೈತ ಹೆಂಗಸಿಗೆ ನಾವು ರಾಜಧನ ಕೊಟ್ಟೆವೆ? ಇಲ್ಲ. ಅವಳೂ ಕೇಳಲಿಲ್ಲ. ಸಾರ್ವಜನಿಕ ಹಣದಿಂದ ಬೆಳೆಸಿದ ಇಂಡಾಫ್ ಬೀಜವನ್ನು ಒಮ್ಮೆ ಕೊಂಡ ರೈತ ಅದನ್ನೇ ಕೂಡಿಟ್ಟು ಮರುವರ್ಷ ಬಿತ್ತಿದಾಗ, ಪಕ್ಕದ ಊರಿನ ನೆಂಟನಿಗೆ ಎರಡು ಸೇರು ಕೊಟ್ಟಾಗ, ಯಾರೂ ಅವನನ್ನು ಕಳ್ಳನೆನ್ನಲಿಲ್ಲ. ಹೊಸ ತಳಿಯು ಅಷ್ಟು ಬೇಗ ಹಳ್ಳಿಯಿಂದ ಹಳ್ಳಿಗೆ ಹರಡಲು ಬೀಜ ನಿಗಮದ ಮಳಿಗೆಯಷ್ಟೇ ರೈತರ ಈ ಕೊಡುಕೊಳ್ಳುವಿಕೆಯೂ ಕಾರಣ. ನಮ್ಮ ದೇಶದಲ್ಲಿ ಆಹಾರ ಸ್ವಾವಲಂಬನೆಗೆ ದಾರಿಯಾದ ಗಿಡ್ಡ ಗೋಧಿಯು ಮೆಕ್ಸಿಕೋದಿಂದ ಬಂದಿತು, ಅದಕ್ಕೆ ಗಿಡ್ಡತನ ಕೊಟ್ಟ ತಳಿ ಜಪಾನಿನದು. ಐ.ಆರ್. 8 ಭತ್ತದ ತಂದೆ-ತಾಯಿ ತಳಿಗಳಲ್ಲಿ ಒಂದು ಇಂಡೋನೇಷ್ಯಾದ್ದು, ಇನ್ನೊಂದು ತೈವಾನಿನದು. ಬೀಜವು ಕೈಯಿಂದ ಕೈಗೆ ಹರಿದಾಡಿದ್ದರಿಂದಲೇ ಬಡ ರಾಷ್ಟ್ರಗಳು ಹಸಿವನ್ನು ಹಿಮ್ಮೆಟ್ಟಿಸಿದವು ಎಂಬುದು ನಿರ್ವಿವಾದ.

ಬೀಜಕ್ಕೆ ಬೇಲಿ

ಈ ಹರಿವಿಗೆ ಬೇಲಿ ಹಾಕುವ ಕೆಲಸ ಆರಂಭವಾದದ್ದು ಯುರೋಪಿನಲ್ಲಿ. 1961ರಲ್ಲಿ ಪ್ಯಾರಿಸ್‌ನಲ್ಲಿ ‘ಯುಪೊವ್’ ಎಂಬ ಒಪ್ಪಂದವಾಯಿತು. ಹೊಸ ತಳಿಯನ್ನು ಬೆಳೆಸಿದವನಿಗೆ ಅದರ ಮೇಲೆ ನಿಗದಿತ ಕಾಲ ಒಡೆತನ ಕೊಡುವುದು ಇದರ ಉದ್ದೇಶ. ಮೊದಮೊದಲು ಇದರಿಂದ ರೈತನಿಗೆ ಹೆಚ್ಚು ತೊಂದರೆಯಿರಲಿಲ್ಲ. ತನ್ನ ಹೊಲದ ಬೀಜವನ್ನು ತಾನು ಬಿತ್ತಿಕೊಳ್ಳಲು ಅಡ್ಡಿಯಿರಲಿಲ್ಲ. ಆದರೆ 1991ರ ತಿದ್ದುಪಡಿಯ ನಂತರ ಈ ಸ್ವಾತಂತ್ರ್ಯವು ಆಯಾ ಸರ್ಕಾರಗಳು ಬೇಕಾದರೆ, ಒಂದು ಮಿತಿಯೊಳಗೆ, ಅವನ ಸ್ವಂತ ಜಮೀನಿಗೆ ಮಾತ್ರ ಕೊಡಬಹುದಾದ ವಿನಾಯಿತಿಯಾಯಿತು. ನೆರೆಯವನಿಗೆ ಕೊಡುವುದಕ್ಕೂ ಮಾರುವುದಕ್ಕೂ ಅಲ್ಲಿ ಎಡೆಯಿಲ್ಲ. ಹಕ್ಕು ಇದ್ದ ಜಾಗದಲ್ಲಿ ವಿನಾಯಿತಿ ಬಂದು ಕುಳಿತಿತು. ಹಕ್ಕಿಗೂ ವಿನಾಯಿತಿಗೂ ಇರುವ ಅಂತರವನ್ನು ಸ್ವಂತ ಬಾವಿಗೂ ಪಕ್ಕದವನ ಬಾವಿಗೂ ಇರುವ ಅಂತರಕ್ಕೆ ಹೋಲಿಸಬಹುದು.

ಅಭಿವೃದ್ಧಿಶೀಲ ರಾಷ್ಟ್ರಗಳು ಸುಮ್ಮನೆ ಕೂರಲಿಲ್ಲ. 1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸಸ್ಯ ತಳಿ ಸಂಪನ್ಮೂಲವು ಮಾನವಕುಲದ ಸಮಾನ ಆಸ್ತಿ ಎಂದು ಸಾರಿತು. ಆಗ ಆ ಸಂಸ್ಥೆಯ ಮಂಡಲಿಯ ಸ್ವತಂತ್ರ ಅಧ್ಯಕ್ಷರಾಗಿದ್ದವರು ಡಾ. ಎಂ.ಎಸ್. ಸ್ವಾಮಿನಾಥನ್. 1989ರಲ್ಲಿ ಅದೇ ಸಂಸ್ಥೆ ‘ರೈತರ ಹಕ್ಕು’ ಎಂಬ ಮಾತನ್ನು ಮೊದಲ ಬಾರಿಗೆ ವಿಧಿವತ್ತಾಗಿ ಅಂಗೀಕರಿಸಿತು. ತಳಿಗಳನ್ನು ಸಹಸ್ರಾರು ವರ್ಷ ಉಳಿಸಿ ಬೆಳೆಸಿದ ರೈತರಿಗೂ ಒಂದು ಹಕ್ಕುಂಟು ಎಂಬುದು ಅದರ ಅರ್ಥ.

ಅಷ್ಟರಲ್ಲಿ ವ್ಯಾಪಾರದ ಮಾತುಕತೆ ಮುಂದೆ ಹೋಗಿತ್ತು. 1991ರ ಕೊನೆಯಲ್ಲಿ ಹೊರಬಂದ ಡಂಕೆಲ್ ಪ್ರಸ್ತಾವ ನಿಮ್ಮಲ್ಲಿ ಹಿರಿಯರಿಗೆ ಇನ್ನೂ ನೆನಪಿರಬೇಕು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದಲ್ಲಿ ರಾಜ್ಯ ರೈತ ಸಂಘವು 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಪ್ರತಿಭಟಿಸಿತು. 1993ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಭಾರೀ ಬೀಜ ಸತ್ಯಾಗ್ರಹ ನಡೆಯಿತು. ಕಚೇರಿಗೆ ನುಗ್ಗುವ ಮಾರ್ಗವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಬೀಜದ ಪ್ರಶ್ನೆಯನ್ನು ದೇಶದ ಮುಂದೆ ತಂದು ನಿಲ್ಲಿಸಿದವರಲ್ಲಿ ಕನ್ನಡ ನಾಡಿನ ರೈತರು ಮುಂಚೂಣಿಯಲ್ಲಿದ್ದರೆಂಬುದು ಇತಿಹಾಸ.

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅದರ ಬೌದ್ಧಿಕ ಆಸ್ತಿ ಒಪ್ಪಂದದ ಪ್ರಕಾರ ಪ್ರತಿಯೊಂದು ಸದಸ್ಯ ರಾಷ್ಟ್ರವೂ ಸಸ್ಯ ತಳಿಗಳಿಗೆ ಪೇಟೆಂಟ್ ಅಥವಾ ತನ್ನದೇ ಆದ ಪರಿಣಾಮಕಾರಿ ಕಾನೂನಿನ ಮೂಲಕ ರಕ್ಷಣೆ ಒದಗಿಸಬೇಕು. ‘ತನ್ನದೇ ಆದ’ ಎಂಬ ಈ ಸಣ್ಣ ಕಿಂಡಿಯೇ ಮುಂದೆ ನಮಗೆ ದೊಡ್ಡ ಬಾಗಿಲಾಯಿತು.

ಬೇಲಿ ಎಲ್ಲಿಯವರೆಗೆ ಹಬ್ಬಬಲ್ಲದು ಎಂಬುದಕ್ಕೆ ರಾಗಿಯ ನೆರೆಮನೆಯಂತಿರುವ ‘ತೆಫ್’ ಧಾನ್ಯದ ಕಥೆ ಸಾಕು. ತೆಫ್ ಇಥಿಯೋಪಿಯದ ಜನರ ನಿತ್ಯದ ಆಹಾರ. ಅದರ ಹಿಟ್ಟನ್ನು ಹುಳಿ ಬರಿಸಿ ನಮ್ಮ ದೋಸೆಯನ್ನು ಹೋಲುವ ಇಂಜೆರಾ ಮಾಡುತ್ತಾರೆ. ಈ ತೆಫ್ ಹಿಟ್ಟಿನ ಸಂಸ್ಕರಣೆಯ ಮೇಲೆ ನೆದರ್ಲೆಂಡ್ಸ್‌ನ ಒಂದು ಕಂಪನಿ ಯುರೋಪಿನಲ್ಲಿ ಪೇಟೆಂಟ್ ಪಡೆದುಕೊಂಡಿತು. ಅದರಲ್ಲಿ ಹೊಸ ಶೋಧವೇನೂ ಇಲ್ಲವೆಂದು ಹೇಗ್ ನಗರದ ನ್ಯಾಯಾಲಯ ಅದನ್ನು ಅಸಿಂಧುವೆಂದು ಸಾರಿದ್ದು 2018ರಲ್ಲಿ. ನಮ್ಮ ಅರಿಸಿನದ ಗಾಯ ಮಾಗಿಸುವ ಗುಣದ ಮೇಲೂ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಡಲಾಗಿತ್ತು. ನಮ್ಮ ವಿಜ್ಞಾನ ಸಂಸ್ಥೆಗಳು ಪುರಾತನ ದಾಖಲೆಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಅಜ್ಜಿಗೆ ಗೊತ್ತಿದ್ದ ವಿದ್ಯೆಯನ್ನು ಉಳಿಸಿಕೊಳ್ಳಲು ನ್ಯಾಯಾಲಯದ ಮೆಟ್ಟಿಲೇರುವ ಶಕ್ತಿ ಎಲ್ಲ ಬಡ ರಾಷ್ಟ್ರಗಳಿಗೂ ಇರುವುದಿಲ್ಲ ಎಂಬುದೇ ಇಲ್ಲಿನ ಚಿಂತೆಯ ವಿಷಯ.

ಕೀನ್ಯಾದ ರೈತರು ಕಂಡದ್ದು

ಹೊರಗಿನ ಕಂಪನಿಗಳನ್ನಷ್ಟೇ ದೂರಿದರೆ ಸತ್ಯದ ಅರ್ಧ ಭಾಗವನ್ನು ಮಾತ್ರ ಹೇಳಿದಂತಾಗುತ್ತದೆ. ಕೀನ್ಯಾದಲ್ಲಿ ಬೇಲಿ ಹಾಕಿದ್ದು ಅಲ್ಲಿಯ ಸಂಸತ್ತೇ. 2012ರಲ್ಲಿ ತಿದ್ದುಪಡಿಯಾದ ಅಲ್ಲಿಯ ಬೀಜ ಮತ್ತು ಸಸ್ಯ ತಳಿ ಕಾಯಿದೆಯಡಿ ನೋಂದಣಿಯಾಗದ, ಪ್ರಮಾಣೀಕರಿಸದ ಬೀಜವನ್ನು ಮಾರಿದರೆ ಅಥವಾ ವಿನಿಮಯ ಮಾಡಿದರೆ 2 ವರ್ಷದವರೆಗೆ ಸೆರೆವಾಸ, 10 ಲಕ್ಷ ಕೀನ್ಯಾ ಶಿಲ್ಲಿಂಗ್‌ವರೆಗೆ ದಂಡ ವಿಧಿಸಲು ಅವಕಾಶವಾಯಿತು. ನಕಲಿ ಬೀಜದಿಂದ ರೈತನನ್ನು ಕಾಪಾಡುವುದು, ಕೃಷಿಯನ್ನು ಆಧುನಿಕಗೊಳಿಸುವುದು ಇದಕ್ಕೆ ಕೊಟ್ಟ ಕಾರಣ. ಆದರೆ ಅಲ್ಲಿಯ ಸಣ್ಣ ರೈತರು ಬಿತ್ತುವ ಬೀಜದ ಬಹುಪಾಲು ಮನೆಯ ಬೀಜ, ನೆರೆಯವರ ಬೀಜ, ಸಂತೆಯ ಬೀಜ. ನಮಗೆ ರಾಗಿಯನ್ನು ಕೊಟ್ಟ ನೆಲದಲ್ಲೇ ಒಂದು ಹಿಡಿ ವಿಂಬಿಯನ್ನು ನೆರೆಯವಳ ಮಡಿಲಿಗೆ ಹಾಕುವುದು ಅಪರಾಧದ ಅಂಚಿಗೆ ಬಂತು.

2022ರಲ್ಲಿ 15 ಮಂದಿ ಸಣ್ಣ ರೈತರು ನ್ಯಾಯಾಲಯಕ್ಕೆ ಹೋದರು. 2025ರ ನವೆಂಬರ್‌ನಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ರೈತರ ಬೀಜ ವಿನಿಮಯವನ್ನು ಅಪರಾಧವಾಗಿಸಿದ ಕಲಮುಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಅಭಿವೃದ್ಧಿಯ ಹೆಸರಿನಲ್ಲಿ ಹೋದ ಹಕ್ಕು ಮರಳಿ ಬಂದದ್ದು ನ್ಯಾಯ ಕೇಳುವ ಹಕ್ಕು ಉಳಿದಿದ್ದರಿಂದ. ನಾನು ಮೊದಲು ಹೇಳಿದ ಜೋಡಿ ಎತ್ತುಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಮ್ಮ ಕಾಯಿದೆ ಏನು ಹೇಳುತ್ತದೆ?

ಭಾರತವು ಯುಪೊವ್ ಒಪ್ಪಂದದ ನಕಲು ಮಾಡಲಿಲ್ಲ. ‘ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ, 2001’ ಎಂಬ ಸ್ವಂತ ಕಾನೂನನ್ನು ರಚಿಸಿತು. ತಳಿ ಬೆಳೆಸಿದವನಿಗೂ ರೈತನಿಗೂ ಒಂದೇ ಕಾನೂನಿನಲ್ಲಿ ಹಕ್ಕು ಕೊಟ್ಟ ಕಾಯಿದೆ ಇದು. ಇದರ ಮುಖ್ಯ ಅಂಶಗಳನ್ನು ಮನನ ಮಾಡಿಕೊಳ್ಳಿರಿ.

1. ಕಾಯಿದೆಯ 39ನೆಯ ಕಲಮಿನ ಪ್ರಕಾರ ರೈತನು ರಕ್ಷಿತ ತಳಿಯ ಬೀಜವನ್ನೂ ಕೂಡಿಡಬಹುದು, ಬಿತ್ತಬಹುದು, ಮರುಬಿತ್ತನೆ ಮಾಡಬಹುದು, ವಿನಿಮಯ ಮಾಡಬಹುದು, ಹಂಚಬಹುದು, ಮಾರಲೂಬಹುದು. ಒಂದೇ ನಿರ್ಬಂಧವೆಂದರೆ, ಅದನ್ನು ಹೆಸರು-ಮುದ್ರೆಯ ಚೀಲದಲ್ಲಿ ತುಂಬಿ ಬ್ರಾಂಡ್ ಬೀಜವಾಗಿ ಮಾರುವಂತಿಲ್ಲ.

2. ರಕ್ಷಿತ ತಳಿಯ ಬೀಜವು ಕಂಪನಿ ಹೇಳಿದಷ್ಟು ಫಲ ಕೊಡದಿದ್ದರೆ ಪರಿಹಾರ ಕೇಳಲು ಅದೇ ಕಲಮಿನಲ್ಲಿ ಅವಕಾಶವಿದೆ.

3. ಇಂತಹ ಹಕ್ಕು ಇದೆಯೆಂದು ತಿಳಿಯದೆ ರೈತನು ಅದನ್ನು ಉಲ್ಲಂಘಿಸಿದ್ದರೆ ಅವನನ್ನು ತಪ್ಪಿತಸ್ಥನೆಂದು ಪರಿಗಣಿಸಬಾರದು ಎಂದು 42ನೆಯ ಕಲಮು ಹೇಳುತ್ತದೆ.

4. ರೈತನು ತಾನೇ ಆಯ್ದು ಬೆಳೆಸಿದ ಅಥವಾ ಊರಿನಲ್ಲಿ ಪರಂಪರೆಯಿಂದ ಬಂದ ತಳಿಯನ್ನು ನೋಂದಾಯಿಸಿಕೊಳ್ಳಬಹುದು. ಇದಕ್ಕೆ ಅವನು ಶುಲ್ಕ ತೆರಬೇಕಾಗಿಲ್ಲ. ನೋಂದಣಿಯಾದ ಬೆಳೆ ತಳಿಗಳಿಗೆ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ ರಕ್ಷಣೆ ದೊರೆಯುತ್ತದೆ.

5. ನಮ್ಮ ಊರಿನ ತಳಿಯನ್ನು ಬಳಸಿ ಬೇರೆಯವರು ಹೊಸ ತಳಿ ಮಾಡಿದರೆ ಅದರ ಲಾಭದಲ್ಲಿ ಪಾಲು ಕೇಳಬಹುದು. ಇದಕ್ಕಾಗಿ ರಾಷ್ಟ್ರೀಯ ತಳಿ ನಿಧಿಯನ್ನು ಏರ್ಪಡಿಸಲಾಗಿದೆ.

ಇನ್ನೊಂದು ಅಂಶವನ್ನು ನಮ್ಮ ತಾಯಂದಿರು ವಿಶೇಷವಾಗಿ ಗಮನಿಸಬೇಕು. ಈ ಕಾಯಿದೆಯಲ್ಲಿ ‘ರೈತ’ ಎಂದರೆ ಪಹಣಿಯಲ್ಲಿ ಹೆಸರಿದ್ದವನು ಎಂದಲ್ಲ. ಸ್ವತಃ ಸಾಗುವಳಿ ಮಾಡುವವರೂ, ತಳಿಗಳನ್ನು ಆಯ್ದು ಉಳಿಸಿ ಅವುಗಳ ಗುಣ ಹೆಚ್ಚಿಸುವವರೂ ರೈತರೇ. ಒಳ್ಳೆಯ ತೆನೆ ಯಾವುದೆಂದು ಕಣದಲ್ಲಿ ಗುರುತಿಸುವವರು, ಬೀಜಕ್ಕೆ ಬೂದಿ ಬೆರೆಸಿ ಬೇವಿನ ಎಲೆ ಹಾಕಿ ವಾಡೆಗೆ ತುಂಬುವವರು ಬಹುತೇಕ ಮನೆಗಳಲ್ಲಿ ಹೆಂಗಸರು. ಜಮೀನಿನ ದಾಖಲೆಯಲ್ಲಿ ಹೆಸರಿಲ್ಲದಿದ್ದರೂ ಬೀಜದ ಮಟ್ಟಿಗೆ ಕಾನೂನು ಅವರನ್ನು ರೈತರೆಂದು ಒಪ್ಪುತ್ತದೆ.

ಈ ಕಾಯಿದೆಯ ಬಲಾಬಲ ಪರೀಕ್ಷೆಯಾದದ್ದು ಗುಜರಾತಿನಲ್ಲಿ. ತಾನು ನೋಂದಾಯಿಸಿದ ಆಲೂಗೆಡ್ಡೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೋ ಕಂಪನಿಯು 2019ರ ಏಪ್ರಿಲ್‌ನಲ್ಲಿ ನಾಲ್ವರು ರೈತರ ಮೇಲೆ ದಾವೆ ಹೂಡಿ, ತಲಾ ಒಂದು ಕೋಟಿ ರೂಪಾಯಿಗೂ ಮಿಕ್ಕ ಪರಿಹಾರ ಕೇಳಿತು. ಕೆಲವೇ ಎಕರೆಯ ಹಿಡುವಳಿದಾರನಿಗೆ ಕೋಟಿಯ ದಾವೆ! ದೇಶದೆಲ್ಲೆಡೆ ರೈತ ಸಂಘಟನೆಗಳು 39ನೆಯ ಕಲಮನ್ನು ಎತ್ತಿ ಹಿಡಿದವು. ಮುಂದಿನ ತಿಂಗಳೇ ಕಂಪನಿ ದಾವೆಯನ್ನು ಹಿಂತೆಗೆದುಕೊಂಡಿತು. ಆ ತಳಿಯ ನೋಂದಣಿಯನ್ನು ಪ್ರಾಧಿಕಾರವು 2021ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. 2024ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಆ ರದ್ದತಿಯನ್ನು ತಳ್ಳಿಹಾಕಿತು. ಅಂದರೆ ತಳಿಯ ಮೇಲಿನ ಒಡೆತನದ ವ್ಯಾಜ್ಯ ಬೇರೆ, ರೈತನ ಬಿತ್ತನೆಯ ಹಕ್ಕು ಬೇರೆ. ಕಂಪನಿಗೆ ನೋಂದಣಿ ಇದ್ದರೂ 39ನೆಯ ಕಲಮು ನಿಮ್ಮ ಬೆನ್ನಿಗಿದೆ ಎಂಬುದನ್ನು ಮರೆಯಬೇಡಿ.

2018ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯು ರೈತರು ಮತ್ತು ಗ್ರಾಮೀಣ ದುಡಿಮೆಗಾರರ ಹಕ್ಕುಗಳ ಘೋಷಣೆಯನ್ನು 121 ಮತಗಳಿಂದ ಅಂಗೀಕರಿಸಿತು. 54 ರಾಷ್ಟ್ರಗಳು ತಟಸ್ಥವಾಗಿದ್ದವು. ವಿರೋಧಿಸಿದ 8 ರಾಷ್ಟ್ರಗಳಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿವೆ. ಅದರ 19ನೆಯ ವಿಧಿಯು ಹೊಲದಲ್ಲಿ ಉಳಿಸಿದ ಬೀಜವನ್ನು ಕೂಡಿಡುವ, ಬಳಸುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಮಾನವ ಹಕ್ಕುಗಳ ಸಾಲಿಗೆ ಸೇರಿಸಿದೆ. ನಮ್ಮ ಸಂಸತ್ತು 2001ರಲ್ಲಿ ಕಂಡದ್ದನ್ನು ಪ್ರಪಂಚ ಹದಿನೇಳು ವರ್ಷಗಳ ನಂತರ ಕಂಡಿತು.

ಎದುರು ವಾದಕ್ಕೆ ಉತ್ತರ

ರೈತರೆಲ್ಲ ಬೀಜ ಕೂಡಿಟ್ಟುಕೊಂಡರೆ ಹೊಸ ತಳಿ ಬೆಳೆಸಲು ಯಾರು ಹಣ ಹೂಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಇದು ಹಗುರವಾದ ಪ್ರಶ್ನೆಯಲ್ಲ. ಒಂದು ತಳಿಯನ್ನು ಸಿದ್ಧಪಡಿಸಿ, ಹಲವು ಕಡೆ ಪ್ರಯೋಗ ಮಾಡಿ, ಬಿಡುಗಡೆ ಮಾಡಲು ಎಂಟು-ಹತ್ತು ವರ್ಷಗಳೇ ಹಿಡಿಯುತ್ತವೆ. ತಳಿ ವಿಜ್ಞಾನಿಯ ಶ್ರಮಕ್ಕೆ ಪ್ರತಿಫಲ ಬೇಡವೆಂದು ಯಾರೂ ಹೇಳಲಾರರು.

ಆದರೆ ಬೆಳೆಯಿಂದ ಬೆಳೆಗೆ ಲೆಕ್ಕ ಬೇರೆ. ಮುಸುಕಿನ ಜೋಳ, ಸೂರ್ಯಕಾಂತಿಗಳ ಸಂಕರ ತಳಿಯ ಬೀಜವನ್ನು ಕೂಡಿಟ್ಟು ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಒಡೆದು ಇಳುವರಿ ಕುಸಿಯುತ್ತದೆ. ಅಲ್ಲಿ ಪ್ರಕೃತಿಯೇ ಬೀಗ ಹಾಕಿದೆ; ಕಂಪನಿಗೆ ಪ್ರತಿ ವರ್ಷವೂ ಮಾರುಕಟ್ಟೆ ಉಂಟು. ಇಂತಹ ಬೆಳೆಗಳಲ್ಲಿ ಹಕ್ಕಿದೆಯೆಂದು ಸಂಕರ ಬೀಜವನ್ನು ಮರುಬಿತ್ತನೆ ಮಾಡಿ ನಷ್ಟಕ್ಕೆ ಗುರಿಯಾಗಬೇಡಿ. ರಾಗಿ, ಭತ್ತ, ಕಡಲೆ, ಶೇಂಗಾದಂತಹ ಸ್ವಕೀಯ ಪರಾಗಸ್ಪರ್ಶದ ಬೆಳೆಗಳಲ್ಲಿ ಮಾತ್ರ ಕೂಡಿಟ್ಟ ಬೀಜ ತಾಯಿ ತಳಿಯಂತೆಯೇ ಬರುತ್ತದೆ. ಬಡವರ ಆಹಾರವೂ ಇವೇ. ಲಾಭದ ಆಸೆಯಿಂದ ಯಾರೂ ಹೆಚ್ಚಾಗಿ ಕೈ ಹಾಕದ ಈ ಬೆಳೆಗಳ ಸುಧಾರಣೆಯನ್ನು ವಿಶ್ವವಿದ್ಯಾನಿಲಯಗಳು ಸಾರ್ವಜನಿಕ ಹಣದಿಂದ ಮಾಡುತ್ತ ಬಂದಿವೆ. ಆದ್ದರಿಂದ ಎದುರು ವಾದಕ್ಕೆ ನನ್ನ ಉತ್ತರ ಇಷ್ಟೇ: ಬೇಲಿಯನ್ನು ಬಿಗಿ ಮಾಡುವ ಬದಲು ಸಾರ್ವಜನಿಕ ಸಂಶೋಧನೆಗೆ ಹಣವನ್ನು ಹೆಚ್ಚಿಸಿರಿ. ರೈತನು ಹಕ್ಕು ಕೇಳುವಾಗ ಇದನ್ನೂ ಜೊತೆಯಲ್ಲೇ ಕೇಳಬೇಕು.

ಹಕ್ಕು ಉಳಿಯಬೇಕಾದರೆ

ಬಳಸದ ನೇಗಿಲಿಗೆ ತುಕ್ಕು ಹಿಡಿಯುತ್ತದೆ, ಬಳಸದ ಹಕ್ಕಿಗೂ ಅಷ್ಟೇ. ನೀವು ಮಾಡಬೇಕಾದ ಕೆಲಸಗಳು ಹೀಗಿವೆ.

ಮೊದಲನೆಯದಾಗಿ, ಕೂಡಿಡುವ ಬೀಜ ಒಳ್ಳೆಯದಿರಲಿ. ಕಳಪೆ ಬೀಜವನ್ನು ಕೂಡಿಡುವ ಹಕ್ಕಿನಿಂದ ಯಾರಿಗೂ ಪ್ರಯೋಜನವಿಲ್ಲ. ರಾಗಿಯಲ್ಲಿ ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ಅಡ್ಡಾಡಿ ಬೇರೆ ತಳಿಯ ಗಿಡಗಳನ್ನೂ ಬೆಂಕಿ ರೋಗ ತಗುಲಿದ ಗಿಡಗಳನ್ನೂ ಕಿತ್ತುಹಾಕಿ, ಸಮನಾಗಿ ಮಾಗಿದ ತುಂಬು ತೆನೆಗಳನ್ನು ಬೀಜಕ್ಕೆಂದೇ ಕೊಯ್ಯಿರಿ. ತೇವಾಂಶ ಶೇಕಡಾ 12ಕ್ಕೆ ಇಳಿಯುವವರೆಗೆ ಒಣಗಿಸಿರಿ. ಬಿತ್ತನೆಗೆ ಮುಂಚೆ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ನೋಡಿ. 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ. ಮೂರು-ನಾಲ್ಕು ವರ್ಷಗಳಿಗೊಮ್ಮೆ ಪ್ರಮಾಣಿತ ಬೀಜವನ್ನು ತಂದು ಹೊಸದು ಮಾಡಿಕೊಳ್ಳಿರಿ.

ಎರಡನೆಯದಾಗಿ, ನಿಮ್ಮ ಊರಿನಲ್ಲಿ ವಿಶೇಷವಾದ ನಾಟಿ ತಳಿ ಇದ್ದರೆ ಅದನ್ನು ನೋಂದಾಯಿಸಿರಿ. ಪ್ರಾಧಿಕಾರದ ಶಾಖಾ ಕಚೇರಿ ಶಿವಮೊಗ್ಗದಲ್ಲಿದೆ. ಅರ್ಜಿ ತುಂಬಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ನೆರವು ಕೇಳಿರಿ. ತಳಿ ಸಂರಕ್ಷಣೆ ಮಾಡಿದ ಸಮುದಾಯಗಳಿಗೂ ರೈತರಿಗೂ ಪ್ರಾಧಿಕಾರವು ಪ್ರಶಸ್ತಿಗಳನ್ನೂ ಏರ್ಪಡಿಸಿದೆ.

ಮೂರನೆಯದಾಗಿ, ಕೊಂಡ ಬೀಜದ ರಸೀದಿ, ಚೀಲ, ಅದಕ್ಕೆ ಹೊಲಿದ ಚೀಟಿ ಮತ್ತು ಒಂದು ಹಿಡಿ ಬೀಜವನ್ನು ಕಟಾವಾಗುವವರೆಗೂ ಜೋಪಾನವಾಗಿಡಿ. ಬೀಜದಿಂದ ನಷ್ಟವಾದ ರೈತನು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿದೆ. ಆಧಾರವಿಲ್ಲದ ದೂರು ಅಲ್ಲಿ ನಿಲ್ಲುವುದಿಲ್ಲ.

ನಾಲ್ಕನೆಯದಾಗಿ, ಕಾನೂನು ಬದಲಾಗುವಾಗ ಬಾಯಿ ಬಿಟ್ಟು ಮಾತನಾಡಿರಿ. 1966ರ ಬೀಜ ಕಾಯಿದೆಯ ಬದಲಿಗೆ ಹೊಸ ಕಾಯಿದೆ ತರಲು 2004ರಿಂದಲೂ ಪ್ರಯತ್ನಗಳು ನಡೆದಿವೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಹೊಸ ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಮುಂದಿಟ್ಟಿತು. ಇಂತಹ ಕರಡು ಬಂದಾಗಲೆಲ್ಲ ಎರಡು ಪ್ರಶ್ನೆ ಕೇಳಿರಿ: 39ನೆಯ ಕಲಮಿನ ಹಕ್ಕು ಹಾಗೆಯೇ ಉಳಿದಿದೆಯೇ? ಕಳಪೆ ಬೀಜದಿಂದ ನಷ್ಟವಾದರೆ ಪರಿಹಾರ ಬೇಗನೆ ಸಿಗುವ ದಾರಿ ಇದೆಯೇ? ಹೊರದೇಶಗಳೊಡನೆ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವಾಗ ಯುಪೊವ್ 1991ಕ್ಕೆ ಸೇರಬೇಕೆಂಬ ಷರತ್ತು ಹಲವು ರಾಷ್ಟ್ರಗಳ ಮೇಲೆ ಬಂದಿದೆ. ನಮ್ಮ ಮೇಲೆ ಬಂದರೂ ಒಪ್ಪಬಾರದೆಂದು ಗ್ರಾಮಸಭೆಯಲ್ಲಿ, ಸಹಕಾರ ಸಂಘದಲ್ಲಿ, ನಿಮ್ಮ ಶಾಸಕರ ಮತ್ತು ಸಂಸದರ ಮುಂದೆ ಹೇಳಿರಿ.

ಅಭಿವೃದ್ಧಿಯ ಅಳತೆಗೋಲು ಎಕರೆವಾರು ಇಳುವರಿ ಒಂದೇ ಅಲ್ಲ. ಆ ಇಳುವರಿಯ ಬೀಜ ಮುಂದಿನ ವರ್ಷವೂ ಯಾರ ಕೈಯಲ್ಲಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಬಿತ್ತುವ ಕಾಲಕ್ಕೆ ಇನ್ನೊಬ್ಬರ ಅಪ್ಪಣೆಗೆ ಕಾಯಬೇಕಾದ ರೈತನು ಹತ್ತು ಕ್ವಿಂಟಲ್ ಹೆಚ್ಚು ಬೆಳೆದರೂ ಸ್ವತಂತ್ರನಲ್ಲ. ನಮ್ಮ ಕಾನೂನು ನಿಮಗೆ ಆ ಸ್ವಾತಂತ್ರ್ಯವನ್ನು ಕೊಟ್ಟಿದೆ. ಈ ಸಾರಿ ಬೀಜವನ್ನು ಆರಿಸಿಡುವಾಗ ಮನೆಯ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೆನೆ ಆಯುವ ಕ್ರಮವನ್ನೂ 39ನೆಯ ಕಲಮನ್ನೂ ಎರಡನ್ನೂ ಅವರಿಗೆ ಹೇಳಿಕೊಡಿ.